ಹಾಲಿನಮ್ಮನ ಮೂಗು

"ಅಮ್ಮ, ಇದೊಂದು ನೋಡಿಬಿಡು," ಎಂದು ಮಗಳು ಬೆಣ್ಣೆ ಡಬ್ಬಿಯ ಮುಚ್ಚಳ ತೆಗೆದು ತಾಯಿಯ ಮೂಗಿನ ಕೆಳಗೆ ಹಿಡಿದಳು.

ಹಾಲಿನಮ್ಮ ಕೈಯಲ್ಲಿದ್ದ ಅಕ್ಕಿ ಚೀಲವನ್ನು ಮೇಜಿನ ಮೇಲಿಟ್ಟಳು. ಬಾಯಿ ಮುಚ್ಚಿಕೊಂಡು, ಕಣ್ಣು ಅರ್ಧ ಮುಚ್ಚಿ, ಚಿಕ್ಕದಾಗಿ ಎರಡು ಸಲ ಉಸಿರೆಳೆದು, ಮುಖವನ್ನು ಪಕ್ಕಕ್ಕೆ ತಿರುಗಿಸಿ ಉಸಿರು ಬಿಟ್ಟಳು. ಡೇರಿಯಲ್ಲಿ ಆಯುಷ್ಯವೆಲ್ಲ ಮಾಡಿದ ಕೆಲಸ, ಮಾಡುವ ರೀತಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಆದರೆ ಬೆಣ್ಣೆಯ ಬದಲು ಖಾಲಿ ಲೋಟ ಹಿಡಿದಿದ್ದರೂ ಅವಳಿಗೆ ಅಷ್ಟೇ ತಿಳಿಯುತ್ತಿತ್ತು.

"ಚೆನ್ನಾಗಿದೆ," ಎಂದಳು. "ಆದ್ರೆ ಬೇಡ. ನಾವು ಹೋಗೋ ಕಡೆ ಬಿಸಿಲಿಗೆ ಕರಗಿ ಎಲ್ಲದಕ್ಕೂ ಮೆತ್ತಿಕೊಳ್ಳುತ್ತೆ. ಎಣ್ಣೆ ಇದೆಯಲ್ಲ, ಸಾಕು."

"ಬ್ರೆಡ್ಡಿಗೆ ಎಣ್ಣೆ ಹಚ್ಕೊಂಡು ತಿನ್ನೋದಾ?"

"ಜ್ಯಾಮ್ ಹಚ್ಕೋ."

ಮಗಳು ಬೆಣ್ಣೆಯನ್ನು ಫ್ರಿಜ್ಜಿಗೆ ವಾಪಸ್ಸಿಟ್ಟಳು. ಅಮ್ಮನ ಮೂಗಿನ ತೀರ್ಪಿಗೆ ಆ ಮನೆಯಲ್ಲಿ ಮೇಲ್ಮನವಿ ಇರಲಿಲ್ಲ. ಪ್ಯಾಕೆಟ್ಟಿನ ಮೇಲಿನ ತಾರೀಖನ್ನು ಅಲ್ಲಿ ಯಾರೂ ಓದಿದವರಲ್ಲ. ಮೊಸರು ಹಳತಾಯಿತೇ, ನಿನ್ನೆಯ ಸಾರು ಇವತ್ತಿಗೆ ಆಗುತ್ತದೆಯೇ, ಮೊಟ್ಟೆ ಕೆಟ್ಟಿದೆಯೇ ಎಂದು ಅನುಮಾನ ಬಂದರೆ ಪಾತ್ರೆಯನ್ನು ಹಿಡಿದುಕೊಂಡು ಮಹಡಿ ಮೆಟ್ಟಿಲಿಳಿದು ಕೆಳಗಿನ ಮನೆಯ ಬಾಗಿಲು ತಟ್ಟುವುದು ರೂಢಿ. ಅಳಿಯನಂತೂ ಅತ್ತೆಗೆ "ಲ್ಯಾಬು" ಎಂದೇ ಹೆಸರಿಟ್ಟಿದ್ದ. ಬೀದಿಯವರು ಕರೆಯುತ್ತಿದ್ದದ್ದು ಹಾಲಿನಮ್ಮ ಎಂದು. ಡೇರಿಯ ಕಟ್ಟೆಯ ಮೇಲೆ ಬೆಳಗ್ಗೆ ಸಾಲಾಗಿ ಇಳಿಸಿದ ಕ್ಯಾನುಗಳ ಮುಚ್ಚಳವನ್ನು ಒಂದೊಂದಾಗಿ ಎತ್ತಿ, ಒಳಗಿನ ಗಾಳಿ ಹೊರಗಿನ ಗಾಳಿಗೆ ಬೆರೆಯುವ ಮೊದಲೇ ಬಗ್ಗಿ ಮೂಸಿ, ಒಳಕ್ಕೋ ವಾಪಸ್ಸೋ ಎಂದು ಹೇಳುವುದು ಅವಳ ಕೆಲಸವಾಗಿತ್ತು. ಹಸು ತಿಂದ ಮೇವು ಯಾವುದು, ಕ್ಯಾನು ತೊಳೆದ ಸೋಪು ಯಾವುದು, ರಾತ್ರಿ ಕರೆದ ಹಾಲನ್ನು ಬೆಳಗಿನದಕ್ಕೆ ಸೇರಿಸಿ ತಂದಿದ್ದಾರೆಯೇ ಎಂಬುದೆಲ್ಲ ಅವಳಿಗೆ ಗೊತ್ತಾಗುತ್ತಿತ್ತು. ಲಾರಿ ಡ್ರೈವರುಗಳು ಅವಳೆದುರು ಸಿಗರೇಟು ಸೇದಿದ್ದನ್ನು ಮುಚ್ಚಿಡುವ ಗೋಜಿಗೇ ಹೋಗುತ್ತಿರಲಿಲ್ಲ.

ಅದೆಲ್ಲ ಒಂದು ಜ್ವರದವರೆಗಿನ ಮಾತು. ಮಗಳು ಬಸುರಿಯಾಗಿದ್ದಾಗ ಬಂದ ಜ್ವರ ವಾರದಲ್ಲಿ ಇಳಿಯಿತು, ಹೋಗುವಾಗ ಮೂಗನ್ನು ಜೊತೆಗೆ ಕರೆದುಕೊಂಡು ಹೋಯಿತು. ನಾಳೆ ಬರುತ್ತದೆ, ಮುಂದಿನ ವಾರ ಬರುತ್ತದೆ ಎಂದು ಕಾದಳು. ಕೆಲಸಕ್ಕೆ ಹೋಗಿ ಡ್ರೈವರುಗಳ ಮುಖ ನೋಡಿ ಹಾಲು ಇಳಿಸಿಕೊಂಡಳು. ಕೆಟ್ಟ ಹಾಲು ತಂದವನು ಚಪ್ಪಲಿ ನೋಡುತ್ತಾನೆ, ಒಳ್ಳೆಯದು ತಂದವನು ಗಡಿಯಾರ ನೋಡುತ್ತಾನೆ. ಹಾಗೆ ಕೆಲವು ದಿನ ತಳ್ಳಿದಳು. ಒಂದು ಬೆಳಗ್ಗೆ ಅವಳು ಒಳಕ್ಕೆ ಬಿಟ್ಟ ಕ್ಯಾನಿನ ಹಾಲು ಹಿಂದಿನ ಕೋಣೆಯ ಪರೀಕ್ಷೆಯಲ್ಲಿ ಒಡೆದುಹೋಯಿತು. ಯಾರೂ ಬೈಯಲಿಲ್ಲ, ಮೂಗಿಗೂ ರಜೆ ಬೇಕಲ್ಲವೇ ಎಂದು ನಕ್ಕರು. ಮರುದಿನ ಮಂಡಿ ನೋವು ಎಂದು ಹೇಳಿ ಕೆಲಸ ಬಿಟ್ಟಳು.

ಮನೆಯಲ್ಲಿ ಹೇಳಲಿಲ್ಲ. ಹೇಳಿಬಿಡುತ್ತಿದ್ದಳೋ ಏನೋ, ಅಷ್ಟರಲ್ಲಿ ಮೊಮ್ಮಗಳು ಹುಟ್ಟಿದಳು. ಮೊದಲ ಸ್ಕ್ಯಾನಿನಲ್ಲಿ ಕಾಳಿನಷ್ಟೇ ಕಂಡಿದ್ದಳೆಂದು ಬಟಾಣಿ ಎಂಬ ಹೆಸರು ಅಂಟಿಕೊಂಡಿತ್ತು. ಮಗಳು ಆಸ್ಪತ್ರೆಯಲ್ಲಿ ಕೈಕಾಲು ನೋವಿನವರಿಗೆ ವ್ಯಾಯಾಮ ಮಾಡಿಸುವವಳು, ಬೇಗ ಕೆಲಸಕ್ಕೆ ಮರಳಬೇಕಿತ್ತು. ಹಗಲೆಲ್ಲ ಮಗು ಅಜ್ಜಿಯ ಹತ್ತಿರ. ಮಗಳಾದರೋ ಮೆಟ್ಟಿಲಿಗೆ ಗೇಟು, ಮೇಜಿನ ಮೂಲೆಗೆ ರಬ್ಬರು, ಸ್ವಿಚ್ಚಿಗೆ ಮುಚ್ಚಳ ಹಾಕಿಸಿದ ಹೆಂಗಸು. ಹಾಲು ಕೆಟ್ಟರೆ ತಿಳಿಯದ, ಗ್ಯಾಸು ಸೋರಿದರೆ ತಿಳಿಯದ ಮುದುಕಿಯ ಹತ್ತಿರ ಮಗುವನ್ನು ಒಂದು ದಿನವಾದರೂ ಬಿಟ್ಟಾಳೇ? ಮಾರನೆಯ ದಿನವೇ ಶಿಶುವಿಹಾರಕ್ಕೆ ಸೇರಿಸುತ್ತಾಳೆ. ಹಾಲಿನಮ್ಮ ಚಳಿಯಲ್ಲೂ ಕಿಟಕಿ ತೆಗೆದಿಟ್ಟೇ ಒಲೆ ಹಚ್ಚುವುದನ್ನು ಕಲಿತಳು. ಮಗುವಿಗೆ ಹಾಲು ಕೊಡುವ ಮೊದಲು ಕದ್ದು ತಾರೀಖು ನೋಡಿ, ಕಾಯಿಸಿ, ತಾನೊಂದು ಗುಟುಕು ಕುಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದಳು. ನಾಲಿಗೆಗೆ ಹುಳಿ, ಉಪ್ಪು, ಸಿಹಿ ಇನ್ನೂ ತಿಳಿಯುತ್ತಿದ್ದವು. ಅಷ್ಟರಲ್ಲೇ ಸಂಸಾರ ತೂಗಿಸಿದ್ದಳು.

ಈಗ ಈ ಪ್ರವಾಸ ಬಂದು ಕೂತಿತ್ತು. ಕೊನೆಯ ಊರಿನಿಂದಲೂ ಒಂದು ಹಗಲು ದೂರ, ಅಂಗಡಿಯಿಲ್ಲ, ಫೋನಿಲ್ಲ, ಬತ್ತಿದ ಸರೋವರದ ಬದಿಯಲ್ಲಿ ಒಂದು ವಾರ ಡೇರೆ ಹಾಕಿಕೊಂಡಿರುವುದು ಅಳಿಯನ ಬಹುದಿನದ ಆಸೆ. ಊಟ ತಿಂಡಿಯ ಜವಾಬ್ದಾರಿಯನ್ನು ಹಾಲಿನಮ್ಮ ಯಾರೂ ಕೇಳುವ ಮೊದಲೇ ಮೈಮೇಲೆ ಎಳೆದುಕೊಂಡಳು. ಕೆಡುವ ಪದಾರ್ಥ ಒಂದೂ ಗಾಡಿ ಹತ್ತಬಾರದು, ಆಗ ಮೂಸುವ ಪ್ರಸಂಗವೇ ಬರುವುದಿಲ್ಲ ಎನ್ನುವುದು ಅವಳ ಲೆಕ್ಕಾಚಾರ. ಅಕ್ಕಿ, ಒಣಗಿದ ಕಾಳು, ಹುರಿದ ಕಡಲೆಕಾಯಿ, ಒಣದ್ರಾಕ್ಷಿ, ಗಟ್ಟಿ ಬಿಸ್ಕತ್ತು, ತವರದ ಡಬ್ಬಿಯ ಮೀನು, ಎರಡು ಸಲ ಸುಟ್ಟು ಕಲ್ಲು ಮಾಡಿದ ಬ್ರೆಡ್ಡು. ಎಲ್ಲವನ್ನೂ ದಿನಕ್ಕೊಂದರಂತೆ ಚೀಲಗಳಲ್ಲಿ ಕಟ್ಟಿದ್ದಳು.

ಮಗಳು ಒಂದು ಚೀಲದೊಳಗೆ ಕೈ ಹಾಕಿ ತಗಡಿನ ಡಬ್ಬಿಯೊಂದನ್ನು ಹೊರಗೆ ತೆಗೆದಳು. ಅದನ್ನು ತಿರುಗಿಸಿ ನೋಡಿ, ಅಮ್ಮನ ಮುಖ ನೋಡಿದಳು.

"ಪುಡಿ ಹಾಲು?"

"ಹೂಂ."

"ನೀನು, ಪುಡಿ ಹಾಲು ತಗೊಂಡ್ಯಾ?"

"ಅಂಗಡಿಯವನು ಮಾರ್ತಾನೆ, ನಾನು ತಗೊಂಡೆ."

"ಹಿಂದೆ ಇದರ ಹೆಸರೆತ್ತಿದ್ರೆ ಮೂಗು ಮುರೀತಿದ್ದೆ. ಸುಣ್ಣದ ನೀರು ಅಂತಿದ್ದೆ."

"ವಯಸ್ಸಾದ ಮೇಲೆ ಜಂಬ ಕಮ್ಮಿ ಆಗುತ್ತೆ," ಎಂದು ಹಾಲಿನಮ್ಮ ಡಬ್ಬಿಯನ್ನು ಕಿತ್ತುಕೊಂಡು ಚೀಲದ ತಳಕ್ಕೆ ತುರುಕಿ ಬಗ್ಗಿ ದಾರ ಕಟ್ಟಿದಳು. ಮಂಡಿಯೂರಿ ಕೂತು, ಕೈಯೂರದೆ ಎದ್ದಳು. ಮಗಳು ಆ ಏಳುವುದನ್ನು ಕಸುಬಿನವಳ ಕಣ್ಣಿನಿಂದ ನೋಡಿದಳು.

ಸಂಜೆ ಅಳಿಯ ಬಂದ. ಕಟ್ಟಡಗಳ ಕಿಟಕಿಗೆ ಗಾಜು ಕೂರಿಸುವುದು ಅವನ ಕಸುಬು. ಪ್ರವಾಸಕ್ಕೆಂದು ತನ್ನ ಗಾಜಿನ ವ್ಯಾನನ್ನೇ ತೊಳೆದು ಸಿದ್ಧಮಾಡಿದ್ದ. ಗಾಜು ನಿಲ್ಲಿಸುವ ಚೌಕಟ್ಟುಗಳಿಗೆ ಆಹಾರದ ಡಬ್ಬಿಗಳನ್ನು ಬಟ್ಟೆಪಟ್ಟಿಯಿಂದ ಬಿಗಿದ, ಪ್ರತಿಯೊಂದರ ನಡುವೆ ಕಂಬಳಿಯ ತುಂಡು ಸಿಕ್ಕಿಸಿದ. ಕಾಳಿನ ಚೀಲವನ್ನೂ ಒಡೆದುಹೋಗುವ ವಸ್ತುವಿನಂತೆ ಎತ್ತಿಡುತ್ತಿದ್ದ. ಎಲ್ಲ ಮುಗಿದ ಮೇಲೆ ಹೆಗಲಿನ ಮೇಲೆ ನೀಲಿ ಬಣ್ಣದ ದೊಡ್ಡ ಪೆಟ್ಟಿಗೆಯೊಂದನ್ನು ಹೊತ್ತು ತಂದು ಅತ್ತೆಯ ಮುಂದೆ ಇಳಿಸಿದ.

"ಏನಪ್ಪಾ ಇದು?"

"ಐಸ್ ಪೆಟ್ಟಿಗೆ. ಸ್ನೇಹಿತನದು." ಮುಚ್ಚಳ ತೆಗೆದ. ಐಸಿನ ನಡುವೆ ಹಾಲಿನ ಬಾಟಲಿಗಳು, ಚೀಸು, ಮಸಾಲೆ ಹಚ್ಚಿ ಡಬ್ಬಿಗಳಲ್ಲಿ ತುಂಬಿದ ಕೋಳಿ. "ನೀವು ಕಟ್ಟಿರೋದು ನೋಡಿದೆ ಅತ್ತೆ. ಜೈಲಿಗೆ ಹೋಗ್ತಿದ್ದೀವಿ ಅನ್ಸುತ್ತೆ. ಇದನ್ನು ತಗೊಂಡು ಹೋಗೋಕೆ ಎಲ್ಲರೂ ಹೆದರ್ತಾರೆ, ಯಾವಾಗ ಕೆಡುತ್ತೋ ಅಂತ. ನಮಗೇನು ಭಯ? ಲ್ಯಾಬು ಜೊತೆಗೇ ಬರ್ತಿದೆಯಲ್ಲ."

ಹಾಲಿನಮ್ಮ ಮುಚ್ಚಳವನ್ನು ಮತ್ತೆ ಮುಚ್ಚಿದಳು. ಬೇಡವೆನ್ನಲು ಕಾರಣ ಹುಡುಕಿದಳು. ಭಾರ ಎಂದಳು, ವ್ಯಾನು ಗಾಜು ಹೊರುತ್ತದೆ ಎಂದ. ಜಾಗವಿಲ್ಲ ಎಂದಳು, ಜಾಗ ಮಾಡಿ ತೋರಿಸಿದ. ಮಗಳು ಬಟಾಣಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲಿ ನಿಂತು, "ಹಾಲಂತೂ ಬೇಕೇ ಬೇಕು, ಇವಳು ಪುಡಿ ಹಾಲು ಮುಟ್ಟಲ್ಲ," ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಟಾರು ರಸ್ತೆ ಮುಗಿದ ಮೇಲೆ ಬರೀ ಜಲ್ಲಿ, ಆಮೇಲೆ ಬರೀ ಚಕ್ರದ ಗುರುತು. ಬತ್ತಿದ ಸರೋವರ ಬಿಳಿ ಬಯಲಾಗಿ ಕಣ್ಣು ಹಾಯುವವರೆಗೂ ಬಿದ್ದಿತ್ತು. ದಡದಲ್ಲಿ ಒಂದೇ ಒಂದು ಮುಳ್ಳಿನ ಮರ. ಅದರ ನೆರಳಿಗೆ ಡೇರೆ ಹಾಕಿದರು, ವ್ಯಾನನ್ನು ಗಾಳಿಗೆ ಅಡ್ಡಲಾಗಿ ನಿಲ್ಲಿಸಿದರು. ಕುಡಿಯುವ ನೀರು ಕ್ಯಾನುಗಳಲ್ಲಿ ತಂದದ್ದಷ್ಟೇ, ಆದ್ದರಿಂದ ಕೈ ತೊಳೆದ ನೀರಿನಲ್ಲೇ ಪಾತ್ರೆಯ ಮೊದಲ ಸುತ್ತು ತೊಳೆಯಬೇಕೆಂದು ಮಗಳು ಕಟ್ಟುನಿಟ್ಟು ಮಾಡಿದಳು.

ಹಾಲಿನಮ್ಮ ದಾರಿಯಲ್ಲೇ ಉಪಾಯ ಹೂಡಿದ್ದಳು. ಕೆಡುವ ಮೊದಲೇ ತಿಂದು ಮುಗಿಸಿದರೆ ಕೆಡುವುದಾದರೂ ಏನು? ಅಂದು ಇಳಿದ ಕೂಡಲೇ ಕೋಳಿ ಹುರಿದಳು. ರಾತ್ರಿ ಮತ್ತೆ ಕೋಳಿ ಹುರಿದಳು. ತಟ್ಟೆ ಖಾಲಿಯಾಗುವ ಮೊದಲೇ ಬಡಿಸಿದಳು.

"ಅತ್ತೆ, ನಾಳೆಗೂ ಇರ್ಲಿ," ಎಂದ ಅಳಿಯ ಬೆರಳು ನೆಕ್ಕುತ್ತಾ.

"ನಾಳೆಯದು ನಾಳೆ. ಇವತ್ತು ಇದು ಸರಿಯಾದ ಹದದಲ್ಲಿದೆ," ಎಂದು ಡಬ್ಬಿಯೊಂದನ್ನು ಮೂಸಿ ನೋಡಿ ಗಂಭೀರವಾಗಿ ಹೇಳಿದಳು. ಸುಳ್ಳು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತಿದೆಯಲ್ಲ ಎಂದು ಒಳಗೊಳಗೇ ನಾಚಿಕೆಯಾಯಿತು. ಮರುದಿನ ಚೀಸನ್ನೂ ಹಾಗೆಯೇ ಖಾಲಿ ಮಾಡಿಸಿದಳು. ಪೆಟ್ಟಿಗೆಯಲ್ಲಿ ಇನ್ನು ಹಾಲಿನ ಬಾಟಲಿಗಳಷ್ಟೇ ಎಂದುಕೊಂಡಾಗ ಎದೆಯ ಭಾರ ಅರ್ಧ ಇಳಿಯಿತು. ಹಾಲು ಅವಳ ನಾಲಿಗೆಗೆ ದಕ್ಕುವ ವಸ್ತು. ಬಟಾಣಿಯನ್ನು ಕಾಲ ಮೇಲೆ ಕೂರಿಸಿಕೊಂಡು ಉಪ್ಪಿನ ಬಯಲನ್ನು ತೋರಿಸುತ್ತಾ, ಅದೊಂದು ದೊಡ್ಡ ತಟ್ಟೆ, ಯಾರೋ ನೆಕ್ಕಿ ಖಾಲಿ ಮಾಡಿದ್ದಾರೆ ಎಂದು ಕತೆ ಹೇಳಿದಳು. ಇಷ್ಟು ನಿರಾಳವಾಗಿ ಕೂತು ಎಷ್ಟೋ ಕಾಲವಾಗಿತ್ತು.

ಮೂರನೆಯ ದಿನ ಮಗಳು ಮತ್ತು ಅಳಿಯ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬಯಲಿನ ಆಚೆಯ ದಿಬ್ಬದವರೆಗೆ ನಡೆದುಬರಲು ಹೋದರು. ಮರದ ನೆರಳು ಬೆಳಗಿನಿಂದ ಮೆಲ್ಲಗೆ ಜರುಗಿ, ಐಸ್ ಪೆಟ್ಟಿಗೆ ಬಿಸಿಲಿನಲ್ಲಿ ಉಳಿದುಬಿಟ್ಟಿತ್ತು. ಹಾಲಿನಮ್ಮ ಅದನ್ನು ಕಂಡದ್ದು ಹೊತ್ತು ನೆತ್ತಿಗೆ ಬಂದ ಮೇಲೆ. ಎಳೆದು ಡೇರೆಯ ಬಾಗಿಲಿಗೆ ತಂದು ಮುಚ್ಚಳ ತೆಗೆದಳು. ಐಸು ಹೆಸರಿಗೂ ಉಳಿದಿರಲಿಲ್ಲ. ಅರ್ಧ ಪೆಟ್ಟಿಗೆ ನೀರು, ಅದರಲ್ಲಿ ಹಾಲಿನ ಬಾಟಲಿಗಳು ತೇಲುತ್ತಿದ್ದವು. ನೀರು ಕೊಂಚ ಕಲಕಿದ ಹಾಗಿತ್ತು. ಬಾಟಲಿಯ ಕಾಗದ ಕರಗಿರಬೇಕು ಎಂದುಕೊಂಡಳು.

ಇನ್ನೂ ಸ್ವಲ್ಪ ತಂಪಿತ್ತು. ಇಂಥ ಜಾಗದಲ್ಲಿ ಅಷ್ಟು ನೀರನ್ನು ಚೆಲ್ಲುವುದೆಂದರೆ ದಂಡ. ಟವೆಲನ್ನು ಅದರಲ್ಲಿ ಅದ್ದಿ ಹಿಂಡಿ, ಕೊರಳಿನ ಸುತ್ತ ಹಾಕಿಕೊಂಡಳು. ಮುಖ ಒರೆಸಿಕೊಂಡಳು. ಹಾಯೆನಿಸಿತು. ಒಂದು ಬಾಟಲಿ ತೆಗೆದು ಬಟಾಣಿಯ ಲೋಟಕ್ಕೆ ಬಗ್ಗಿಸಿ ಒಂದು ಗುಟುಕು ನೋಡಿದಳು. ಹುಳಿಯಿರಲಿಲ್ಲ. ಲೋಟವನ್ನು ಪಕ್ಕದಲ್ಲಿಟ್ಟು, ತನ್ನ ಪದ್ಧತಿಯಂತೆ ಕಾಯುತ್ತಾ, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಗಟ್ಟಿ ಬ್ರೆಡ್ಡನ್ನು ಕೊಯ್ಯತೊಡಗಿದಳು. ನೊಣಗಳು ಇದ್ದಕ್ಕಿದ್ದಂತೆ ಹೆಚ್ಚಾಗಿದ್ದವು. ಅವನ್ನು ಚಾಕುವಿನಿಂದ ಓಡಿಸುತ್ತಾ ಹಳೆಯ ಯಾವುದೋ ರಾಗ ಗುನುಗಿಕೊಂಡಳು.

ದೂರದಿಂದ ಮೂವರೂ ಬರುವುದು ಕಾಣಿಸಿತು. ಬಟಾಣಿ ಈಗ ಕೆಳಗಿಳಿದು ಅಪ್ಪನ ಬೆರಳು ಹಿಡಿದು ನಡೆಯುತ್ತಿದ್ದಳು. ಅಜ್ಜಿಯನ್ನು ಕಂಡು ಬೆರಳು ಬಿಟ್ಟು ಓಡಿಬಂದಳು. ಅವಳ ಹಿಂದೆ ಅಳಿಯ ಒಂದಿಷ್ಟು ಹೆಜ್ಜೆ ಬಂದವನು ಗಕ್ಕನೆ ನಿಂತ. ತೋಳಿನಿಂದ ಮೂಗು ಮುಚ್ಚಿಕೊಂಡ. ಮಗಳೂ ನಿಂತಳು, ವಾಕರಿಕೆ ಬಂದವಳಂತೆ ಮುಖ ತಿರುಗಿಸಿ ಮತ್ತೆ ಈ ಕಡೆ ನೋಡಿದಳು.

ಹಾಲಿನಮ್ಮ ನಗುತ್ತಾ ಬ್ರೆಡ್ಡಿನ ತಟ್ಟೆಯನ್ನು ಎತ್ತಿ ಹಿಡಿದಳು. "ಬನ್ನಿ, ಬನ್ನಿ. ಹಸಿವಾಗಿರಬೇಕು." ಇನ್ನೊಂದು ಕೈಯಿಂದ ಮಗುವಿಗೆ ಲೋಟ ಚಾಚಿದಳು.

"ಕೊಡ್ಬೇಡ," ಎಂದಳು ಮಗಳು. ದನಿ ಜೋರಿರಲಿಲ್ಲ, ಆದರೆ ಹಾಲಿನಮ್ಮನ ಕೈ ಅಲ್ಲೇ ನಿಂತಿತು. ಮಗಳು ದಾಪುಗಾಲು ಹಾಕಿ ಬಂದು ಮಗುವನ್ನು ಎತ್ತಿಕೊಂಡಳು, ಲೋಟವನ್ನು ಕಿತ್ತುಕೊಂಡು ಮರಳಿಗೆ ಚೆಲ್ಲಿದಳು. ಬಟಾಣಿ ಅಳತೊಡಗಿದಳು. ಮಗಳ ಕಣ್ಣು ತಾಯಿಯ ಕೊರಳಿನ ಟವೆಲಿನ ಮೇಲೆ, ಅಲ್ಲಿಂದ ತೆರೆದ ಪೆಟ್ಟಿಗೆಯ ಮೇಲೆ, ಅಲ್ಲಿಂದ ಮತ್ತೆ ತಾಯಿಯ ಮುಖದ ಮೇಲೆ ಹೋಯಿತು.

ಅಳಿಯ ಉಸಿರು ಬಿಗಿಹಿಡಿದು ಪೆಟ್ಟಿಗೆಯೊಳಗೆ ಕೈ ಹಾಕಿ, ಬಾಟಲಿಗಳ ಅಡಿಯಿಂದ ಒಂದು ಡಬ್ಬಿ ಎತ್ತಿದ. ಮುಚ್ಚಳ ಬಾಯ್ಬಿಟ್ಟಿತ್ತು. ಒಳಗಿನ ಕೋಳಿ ಹಸಿರು ತಿರುಗಿ ನೊರೆ ಬಂದಿತ್ತು.

"ನನ್ನದೇ ತಪ್ಪು," ಎಂದ ಅವನು. "ಅತ್ತೆ ಎಲ್ಲಾ ಮೊದಲ ದಿನವೇ ಖಾಲಿ ಮಾಡಿಸ್ತಾರೆ ಅಂತ ಒಂದು ಡಬ್ಬಿ ತಳದಲ್ಲಿ ಅಡಗಿಸಿಟ್ಟೆ. ಕೊನೇ ದಿನಕ್ಕೆ ಇರ್ಲಿ ಅಂತ." ಡಬ್ಬಿಯನ್ನು ದೂರ ಇಟ್ಟು ಮುಂದುವರಿಸಿದ. "ಇಲ್ಲಿನ ಧೂಳಿಗೆ ಅತ್ತೆಗೆ ನೆಗಡಿ ಆಗಿದೆ. ಮೂಗು ಕಟ್ಟಿರಬೇಕು. ಅಲ್ವಾ ಅತ್ತೆ?"

ಬಾಗಿಲು ತೆರೆದು ಹಿಡಿದಿದ್ದ, ಪುಣ್ಯಾತ್ಮ. ಹೂಂ ಎಂದರೆ ಸಾಕಿತ್ತು. ಹಾಲಿನಮ್ಮ ಬಾಯಿ ತೆರೆದಳು. ಬಟಾಣಿ ತಾಯಿಯ ಹೆಗಲಿನಿಂದ ಬಗ್ಗಿ, ಚೆಲ್ಲಿಹೋದ ಲೋಟದ ಕಡೆ ಕೈಚಾಚಿ ಇನ್ನೂ ಅಳುತ್ತಿದ್ದಳು. ಅದನ್ನು ನೋಡುತ್ತಾ ನೋಡುತ್ತಾ ಹಾಲಿನಮ್ಮನಿಗೆ ಹೂಂ ಎನ್ನಲಾಗಲಿಲ್ಲ.

"ನೆಗಡಿ ಅಲ್ಲ," ಎಂದಳು. "ನಂಗೆ ವಾಸನೆ ಗೊತ್ತಾಗಲ್ಲ. ಯಾವುದೂ."

"ಯಾವಾಗಿಂದ?" ಮಗಳು ಕೇಳಿದಳು.

"ಆ ಜ್ವರ ಬಂತಲ್ಲ. ಆವಾಗಿಂದ."

"ಇವಳು ಹುಟ್ಟೋಕ್ಕೆ ಮುಂಚೆಯಿಂದ?"

"ಹೂಂ."

ಮಗಳು ಮಗುವಿನ ಬೆನ್ನು ತಟ್ಟುತ್ತಾ ನಿಂತಿದ್ದಳು. "ಅಂದ್ರೆ ಇಷ್ಟು ದಿನ ಇವಳ ಹಾಲು, ಇವಳ ಊಟ. ನಾನು ಆಸ್ಪತ್ರೆಯಲ್ಲಿ ಆರಾಮಾಗಿ ಕೆಲಸ ಮಾಡ್ತಿದ್ದೆ. ಅಮ್ಮ ಇದ್ದಾಳೆ ಅಂತ."

"ತಾರೀಖು ನೋಡ್ತಿದ್ದೆ. ಕಾಯಿಸ್ತಿದ್ದೆ. ನಾನು ಮೊದಲು ಕುಡಿದು, ಏನೂ ಆಗಿಲ್ಲ ಅಂತ ಗೊತ್ತಾದ ಮೇಲೇನೇ ಕೊಡ್ತಿದ್ದೆ."

"ಗ್ಯಾಸು?"

"ಕಿಟಕಿ ತೆಗೆದಿಡ್ತಿದ್ದೆ."

"ಕಿಟಕಿ," ಎಂದಳು ಮಗಳು. ಆಮೇಲೆ ಮಗುವನ್ನು ಎತ್ತಿಕೊಂಡು ವ್ಯಾನಿನ ಆಚೆಗೆ ಹೋದಳು.

ಅಳಿಯ ಗುದ್ದಲಿ ಹಿಡಿದು ದೂರ ನಡೆದು ಗುಂಡಿ ತೋಡಿ ಕೋಳಿಯನ್ನೂ ಹಾಲನ್ನೂ ಹೂತು ಬಂದ. ಪೆಟ್ಟಿಗೆಯನ್ನು ಮರಳಿನಿಂದ ಉಜ್ಜಿದ, ಸೋಪಿನಿಂದ ಉಜ್ಜಿದ, ಬಿಸಿಲಿಗೆ ಬೋರಲು ಹಾಕಿದ. ಹಾಲಿನಮ್ಮ ಟವೆಲನ್ನು ಎಸೆದು ಕೊರಳನ್ನು ಕೈಯಿಂದ ಒರೆಸಿಕೊಳ್ಳುತ್ತಾ ಕೂತಿದ್ದಳು. ಎಲ್ಲಿ ಅಂಟಿದೆ, ಎಲ್ಲಿ ಹೋಗಿದೆ ಎಂದು ಅವಳಿಗೆ ಹೇಗೆ ತಿಳಿಯಬೇಕು? ಹೊತ್ತು ಇಳಿಯುವಾಗ ಮಗಳು ನೀರಿನ ಕ್ಯಾನು, ಸೋಪು ಹಿಡಿದು ಬಂದಳು. ಕುಡಿಯುವ ನೀರು ಅದು. ತಾಯಿಯ ತಲೆಯನ್ನು ಮುಂದಕ್ಕೆ ಬಗ್ಗಿಸಿ ಕೊರಳಿಗೆ ಸೋಪು ಹಚ್ಚಿ ಒರಟಾಗಿ ತಿಕ್ಕಿದಳು.

"ಹೋಯ್ತಾ?" ಹಾಲಿನಮ್ಮ ಕೇಳಿದಳು.

"ಇಲ್ಲ."

ಮತ್ತೆ ತಿಕ್ಕಿ ನೀರು ಸುರಿದಳು. ನೀರು ಬೆನ್ನಿನ ಮೇಲೆ ಹರಿದು ಹಾಲಿನಮ್ಮ ನಡುಗಿದಳು.

"ಈಗ?"

"ಇನ್ನೂ ಇದೆ. ಕಿವಿ ಹತ್ರ." ತಿಕ್ಕುತ್ತಲೇ ಮಗಳು ಹೇಳಿದಳು, "ಮಂಡಿಗೆ ಏನೂ ಆಗಿಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು. ಹಗಲೆಲ್ಲ ಮಂಡಿ ನೋಡೋದೇ ನನ್ನ ಕೆಲಸ. ಡೇರಿಯಲ್ಲಿ ಯಾರ ಜೊತೆಗೋ ಜಗಳ ಆಗಿರಬೇಕು, ಹೇಳೋಕೆ ಇಷ್ಟ ಇಲ್ಲ, ಇರ್ಲಿ ಅಂದ್ಕೊಂಡೆ."

"ಹೇಳಿದ್ರೆ ಇವಳನ್ನು ನನ್ನ ಹತ್ರ ಬಿಡ್ತಿರ್ಲಿಲ್ಲ ನೀನು."

ಮಗಳು ಇಲ್ಲವೆನ್ನಲಿಲ್ಲ. ಬೇರೆ ಟವೆಲಿನಿಂದ ಕೊರಳು ಒರೆಸಿ, ಬಗ್ಗಿ ಮೂಸಿ ನೋಡಿ, "ಈಗ ಹೋಯ್ತು," ಎಂದು ಎದ್ದುಹೋದಳು.

ಅಂದು ಕಾಳು ಬೇಯಿಸಿ ಅನ್ನದ ಜೊತೆ ತಿಂದರು. ಅಳಿಯ, ಜೈಲಿನ ಊಟ ಇಷ್ಟು ರುಚಿ ಅಂತ ಗೊತ್ತಿದ್ದರೆ ಯಾವತ್ತೋ ಒಳಗೆ ಹೋಗ್ತಿದ್ದೆ ಎಂದ. ಯಾರೂ ನಗಲಿಲ್ಲ. ಮಗಳು ಪುಡಿ ಹಾಲು ಕಲಸಿ, ತಾನೇ ಮೂಸಿ, ತಾನೇ ಬಟಾಣಿಗೆ ಕುಡಿಸಿದಳು. ಮಗು ಮುಖ ಸೊಟ್ಟ ಮಾಡಿ ಕುಡಿಯಿತು. ಬಟಾಣಿ ಎರಡು ಸಲ ಅಜ್ಜಿಯ ಕಡೆ ಬರಹೋದಾಗ ಮಗಳು ಏನೋ ತೋರಿಸುವ ನೆಪದಲ್ಲಿ ಎತ್ತಿಕೊಂಡು ಬೇರೆ ಕಡೆ ಹೋದಳು. ಹಾಲಿನಮ್ಮ ನೋಡಿಯೂ ನೋಡದಂತೆ ಪಾತ್ರೆ ಉಜ್ಜುತ್ತಿದ್ದಳು. ಮಗಳ ಮೇಲೆ ಕೋಪ ಬರಲಿಲ್ಲ. ತಾನಾದರೂ ಅನುಮಾನದ ಕ್ಯಾನನ್ನು ಒಳಕ್ಕೆ ಬಿಡುತ್ತಿದ್ದಳೇ?

ಮರುದಿನ ಬೆಳಗ್ಗೆ ಅಳಿಯ ಅತ್ತೆಯ ಪಕ್ಕ ಕೂತು, ಗ್ಯಾಸು ಸೋರಿದರೆ ಕಿರುಚಿಕೊಳ್ಳುವ ಸಣ್ಣ ಮಷೀನೊಂದು ಬರುತ್ತದೆ, ಗೋಡೆಗೆ ಹೊಡೆದರಾಯಿತು ಎಂದ.

"ಅವಳು ಹೇಳಿದ್ಲಾ?"

"ಇಲ್ಲ. ರಾತ್ರಿಯೆಲ್ಲ ಏನೂ ಹೇಳ್ಲಿಲ್ಲ. ನಾನೇ ಯೋಚನೆ ಮಾಡಿದೆ." ಅವನು ಒಂದು ಕಲ್ಲನ್ನು ತೆಗೆದು ಎಸೆದ. "ನೀವು ನನ್ನ ಹತ್ರ ಹೇಳಬಹುದಿತ್ತು ಅತ್ತೆ."

"ನಿನ್ನ ಹೊಟ್ಟೇಲಿ ಮಾತು ನಿಲ್ಲುತ್ತಾ?"

"ಅದೂ ಹೌದು," ಎಂದು ಒಪ್ಪಿಕೊಂಡು ಎದ್ದು ಹೋದ.

ಮಧ್ಯಾಹ್ನ ಗಾಳಿ ಬಿದ್ದುಹೋಗಿತ್ತು. ಹಾಲಿನಮ್ಮ ಮರಕ್ಕೆ ಒರಗಿ ಕಾಲು ಚಾಚಿ ಕೂತಿದ್ದಳು. ಅಳಿಯ ವ್ಯಾನಿನ ಅಡಿಯಲ್ಲಿ ಏನೋ ಬಿಗಿಯುತ್ತಿದ್ದ. ಮಗಳು ಡೇರೆಯಿಂದ ಹೊರಗೆ ಬಂದಳು. ಹೆಗಲಿನ ಮೇಲೆ ಬಟಾಣಿ ನಿದ್ದೆ ಹೋಗಿದ್ದಳು. ಅವಳು ಮರದ ಹತ್ತಿರ ಬಂದು ಒಂದು ಕ್ಷಣ ನಿಂತು, ಬಗ್ಗಿ ಮಗುವನ್ನು ತಾಯಿಯ ತೊಡೆಯ ಮೇಲೆ ಇಳಿಸಿದಳು. "ಡೇರೆ ಒಳಗೆ ಸೆಕೆ," ಎಂದಳು. ತಾನೂ ಪಕ್ಕದಲ್ಲೇ ಕೂತಳು.

ಹಾಲಿನಮ್ಮ ಮಗುವಿನ ತಲೆಯನ್ನು ತೋಳಿನ ಮೇಲೆ ಸರಿಮಾಡಿಕೊಂಡಳು. ಅಂಗೈಯಿಂದ ಅದರ ಕಣ್ಣಿಗೆ ನೆರಳು ಮಾಡಿದಳು.

"ನಂಗೆ ಇನ್ನೂ ಸಿಟ್ಟಿದೆ," ಎಂದಳು ಮಗಳು.

"ಇರ್ಲಿ."

"ಮನೆಗೆ ಹೋದ ಮೇಲೆ ಡಾಕ್ಟರ ಹತ್ರ ಹೋಗೋಣ. ಪ್ರತಿ ಡಬ್ಬಿ ಮೇಲೂ ತಾರೀಖು ಬರೀಬೇಕು. ಏನಾದ್ರೂ ಅನುಮಾನ ಬಂದ್ರೆ ಫೋನ್ ಮಾಡ್ಬೇಕು, ಎಷ್ಟು ಚಿಕ್ಕದಾದ್ರೂ."

"ಮಾಡ್ತೀನಿ."

ಮನೆಗೆ ಹೋದ ಮೇಲೂ ಮಗು ತನ್ನ ಹತ್ತಿರವೇ ಇರುತ್ತದೆ ಎಂಬುದು ಆ ಮಾತಿನೊಳಗೆ ಇತ್ತು. ಹಾಲಿನಮ್ಮ ಅದನ್ನು ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಳ್ಳಲು ಹೋಗಲಿಲ್ಲ. ಆಮೇಲೆ, "ಒಂದು ಕೇಳ್ಲಾ?" ಎಂದಳು.

"ಕೇಳು."

"ಇವಳ ತಲೆ ಹೇಗಿರುತ್ತೆ?"

"ಹೇಗಿರುತ್ತೆ ಅಂದ್ರೆ?"

"ವಾಸನೆ. ನಿನ್ನ ತಲೇದು ನಂಗೆ ಈಗಲೂ ನೆನಪಿದೆ. ಇವಳದು ಗೊತ್ತೇ ಇಲ್ಲ."

ಮಗಳು ತಾಯಿಯನ್ನು ನೋಡಿದಳು. ತೊಡೆಯ ಕಡೆ ಬಗ್ಗಿ, ಮಗುವಿನ ನೆತ್ತಿಗೆ ಮೂಗಿಟ್ಟು ಉದ್ದಕ್ಕೆ ಉಸಿರೆಳೆದುಕೊಂಡಳು.

"ಬೆಚ್ಚಗಿದೆ."

"ಬೆಚ್ಚಗಿರೋದು ನಂಗೂ ಗೊತ್ತು, ತೊಡೆ ಮೇಲೇ ಇದ್ದಾಳೆ. ವಾಸನೆ ಹೇಳು."

"ಮಗು ವಾಸನೆ ಅಮ್ಮ. ಇನ್ನೇನು ಹೇಳ್ಲಿ."

"ಅಂಥ ಉತ್ತರ ಕೊಟ್ರೆ ಡೇರೀಲಿ ಒಂದು ದಿನಾನೂ ಇಟ್ಕೊಳ್ತಿರ್ಲಿಲ್ಲ. ಅಷ್ಟುದ್ದ ಎಳೀಬೇಡ. ಬಾಯಿ ಮುಚ್ಕೊಂಡು ಚಿಕ್ಕದಾಗಿ. ಕಿವಿ ಹಿಂದೆ ನೋಡು, ಅಲ್ಲಿ ಬೆವರು ಒಣಗಿರಲ್ಲ."

ಮಗಳು ಮತ್ತೆ ಬಗ್ಗಿದಳು. ಈ ಸಲ ಬೇಗ ಏಳಲಿಲ್ಲ.

"ಇಸ್ತ್ರಿ ಮಾಡಿದ ಬಟ್ಟೆ," ಎಂದಳು ಅಲ್ಲಿಂದಲೇ. "ಬಿಸಿ ಇರುವಾಗಲೇ ಮಡಚಿಟ್ಟಿದ್ದು. ಅದರ ಕೆಳಗೆ ಇನ್ನೊಂದು ಇದೆ."

"ಏನು?"

"ತಡಿ."

ಬಟಾಣಿ ನಿದ್ದೆಗಣ್ಣಿನಲ್ಲೇ ಕೈಯೆತ್ತಿ ಅಮ್ಮನ ಮುಖವನ್ನು ಆಚೆ ತಳ್ಳಿದಳು. ಮಗಳು ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡು ಇನ್ನೊಂದು ಕಿವಿಯ ಹಿಂದಕ್ಕೆ ಬಗ್ಗಿದಳು. ಹಾಲಿನಮ್ಮ ಮಗುವಿನ ತಲೆ ಅಲುಗದಂತೆ ತೋಳನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಳು.